ಕಾಲಡಿಯ ಕಲ್ಲು

ಒಂದು ನಿಂಬೆಯ ಹೋಳಿನಿಂದ ಇಷ್ಟೊಂದು ವಿಚಾರ ಹುಟ್ಟೀತೆಂದು ನಾನು ಎಣಿಸಿರಲಿಲ್ಲ.

ಬೇಸಿಗೆಯ ರಜೆಗೆಂದು ಮೊಮ್ಮಗಳು ಬೆಂಗಳೂರಿನಿಂದ ಸೇಡಂದ ನಮ್ಮ ಮನೆಗೆ ಬಂದಿದ್ದಳು. ನಮ್ಮ ಕಡೆಯ ಬಿಸಿಲು ಎಂಥದೆಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ; ಅರಿಯದವರಿಗೆ ಹೇಳಿದರೆ ನಂಬಿಕೆ ಬರಲಿಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊರಗೆ ಕಾಗೆ ಕೂಡ ಕೂಗದು. ಅಂಥ ಹೊತ್ತಿನಲ್ಲಿ ಹುಡುಗಿ ಅಡಿಗೆಯ ಮನೆಯ ತಣ್ಣನೆಯ ನೆಲದ ಮೇಲೆ ಕುಳಿತು ಎಲ್ಲರಿಗೂ ಪಾನಕ ಮಾಡುವೆನೆಂದು ನಿಂಬೆಹಣ್ಣು ಹೆಚ್ಚಿದಳು. ಒಂದು ಹೋಳು ಜಾರಿ, ಮೂಲೆಗೆ ಉರುಳಿ, ಮುಖ ಕೆಳಗಾಗಿ ಬಿದ್ದಿತು. ಅದನ್ನು ಯಾರೂ ನೋಡಲಿಲ್ಲ. ಸಂಜೆ ನೆಲ ಒರಸುವಾಗ ನನ್ನ ಮನೆಯಾಕೆ ಆ ಹೋಳನ್ನು ಎತ್ತಿದಳು. ಅದರ ಕೆಳಗೆ ನುಣ್ಣನೆಯ ಬೂದುಬಣ್ಣದ ಫರಸಿಯ ಮೇಲೆ ಗುಂಡಗೆ, ಬೆಳ್ಳಗೆ, ಹೊಳಪು ಕಳೆದುಕೊಂಡ ಒಂದು ಕಲೆ.

“ಬರ್ರಿ, ನೋಡ್ರಿ, ನಿಮ್ಮ ಮೊಮ್ಮಗಳು ಫರಸಿ ಮ್ಯಾಲ ಚಂದ್ರನ್ನ ತೆಗದಾಳ” ಎಂದು ಆಕೆ ನನ್ನನ್ನು ಕರೆದಳು.

ಹುಡುಗಿ ಒದ್ದೆಯ ಬಟ್ಟೆಯಿಂದ ಉಜ್ಜಿದಳು, ಚಂದ್ರ ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದಳು, ಹೋಗಲಿಲ್ಲ. “ಮುತ್ಯಾ, ನಿಂಬೆಹಣ್ಣು ಕಲ್ಲನ್ನು ತಿನ್ನುತ್ತದೇನು?” ಎಂದು ಕೇಳಿದಳು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನಗೆ ಆ ಪ್ರಶ್ನೆ ಸುಲಭವೆಂದು ತೋರಿತು. ನಮ್ಮ ಫರಸಿಯು ಸುಣ್ಣದ ಕಲ್ಲು; ಹುಳಿಯು ಸುಣ್ಣವನ್ನು ಕರಗಿಸುತ್ತದೆ; ಕರಗುವಾಗ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅಂಗಳದಲ್ಲಿ ಬಿದ್ದಿದ್ದ ಒಂದು ಚೂರು ಕಲ್ಲನ್ನು ಒಡೆದು, ಅದರ ಪುಡಿಯ ಮೇಲೆ ನಿಂಬೆಯ ರಸ ಹಿಂಡಿ ತೋರಿಸಿದೆನು. ನೊರೆನೊರೆಯಾಗಿ ಗುಳ್ಳೆ ಎದ್ದವು. ಹುಡುಗಿಯ ಕಣ್ಣರಳಿದವು. ನನಗೂ ನನ್ನ ಅವ್ವನ ನೆನಪಾಯಿತು. ಹುಣಿಸೆಯ ಹುಳಿಯನ್ನಾಗಲಿ, ಮಜ್ಜಿಗೆಯನ್ನಾಗಲಿ ನೆಲಕ್ಕೆ ಚೆಲ್ಲಿದರೆ ಅವ್ವ ಕೂಡಲೆ ನೀರು ಹಾಕಿ ತೊಳೆಯುತ್ತಿದ್ದಳು. “ಕಲ್ಲಿಗೂ ಉರಿ ಆಗ್ತದಪಾ” ಎನ್ನುತ್ತಿದ್ದಳು. ಆಕೆಗೆ ರಸಾಯನಶಾಸ್ತ್ರವನ್ನು ಯಾರೂ ಕಲಿಸಿರಲಿಲ್ಲ. ಆದರೆ ಆಕೆ ದಿನವೂ ಆ ನೆಲವನ್ನು ಕೈಯಿಂದ ಮುಟ್ಟಿ ಸಾರಿಸಿದವಳು, ಮುಟ್ಟಿದ್ದರಿಂದ ಅರಿತಿದ್ದಳು.

ಇಲ್ಲಿಗೆ ಈ ಮಾತು ಮುಗಿಯಬಹುದಾಗಿದ್ದಿತು. ಆದರೆ ಮಕ್ಕಳ ಪ್ರಶ್ನೆ ಬಾವಿಗೆ ಬಿಟ್ಟ ಹಗ್ಗದಂತೆ. ಒಮ್ಮೆ ಇಳಿಯತೊಡಗಿದರೆ ತಳ ಮುಟ್ಟುವತನಕ ನಿಲ್ಲುವುದಿಲ್ಲ. “ಈ ಕಲ್ಲು ಎಲ್ಲಿಂದ ಬಂತು?” ಎಂಬುದು ಅವಳ ಎರಡನೆಯ ಪ್ರಶ್ನೆಯಾಯಿತು.

ಎಲ್ಲಿಂದ ಬರಬೇಕು? ನಾವು ನಿಂತದ್ದೇ ಅದರ ಮೇಲೆ. ಹೊರಗಿನವರು ಇದನ್ನು ಶಹಾಬಾದ ಕಲ್ಲು ಎನ್ನುತ್ತಾರೆ. ನಮಗೆ ಬರಿದೆ ಫರಸಿ. ಶಹಾಬಾದದಿಂದ ವಾಡಿಗೆ, ವಾಡಿಯಿಂದ ಚಿತ್ತಾಪುರಕ್ಕೆ, ಅಲ್ಲಿಂದ ಸೇಡಂಗೆ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಬರುವವರಿಗೆ ಈ ಕಲ್ಲಿನ ಸಂಸಾರವೆಲ್ಲ ಕಣ್ಣಿಗೆ ಬೀಳುತ್ತದೆ. ನೆಲವನ್ನು ಒಂದಾಳು ಎರಡಾಳು ಆಳ ತೋಡಿದಲ್ಲಿ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪದರು. ಉಳಿ ಇಟ್ಟು ಹೊಡೆದರೆ ಹಾಳೆ ಬಿಡಿಸಿದಂತೆ ಹಾಸುಗಲ್ಲು ಏಳುತ್ತದೆ. ಅದೇ ಮನೆಯ ನೆಲ, ಅದೇ ಗೋಡೆ, ಅದೇ ಮಾಳಿಗೆಯ ಹಾಸು, ಅದೇ ಹೊಲದ ಬೇಲಿ, ಅದೇ ದನದ ಗೋದಲಿ, ಅದೇ ಬಚ್ಚಲಕಲ್ಲು. ಭೂಗರ್ಭಶಾಸ್ತ್ರಜ್ಞರು ಇದನ್ನು ಭೀಮಾ ಕೊಳ್ಳದ ಸುಣ್ಣಕಲ್ಲೆಂದು ಹೆಸರಿಸಿರುವರು. ಭೂಮಿಯ ಮೇಲೆ ಗಿಡಮರಗಳೂ ನೀರಿನಲ್ಲಿ ಮೀನುಗಳೂ ಇನ್ನೂ ಹುಟ್ಟದೆ ಇದ್ದ ಕಾಲದಲ್ಲಿ ಇಲ್ಲಿ ಕಡಲಿದ್ದಿತು. ಆ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರುಪದರಾಗಿ ಇಳಿದು ಗಟ್ಟಿಯಾಗಿ ಕಲ್ಲಾಯಿತು. ನೀರಿಗಾಗಿ ಬೇಸಿಗೆಯಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ನಾವು ಕಡಲಿನ ತಳದಲ್ಲಿ ಮನೆ ಕಟ್ಟಿಕೊಂಡಿರುವೆವೆಂದರೆ ನಗೆ ಬರುವುದಿಲ್ಲವೆ?

ನಮ್ಮ ಊಟದಲ್ಲಿಯೂ ಈ ಕಲ್ಲಿದೆ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇಳೆಯ ರುಚಿಗೆ ನಮ್ಮ ಎರೆಭೂಮಿಯಲ್ಲಿರುವ ಸುಣ್ಣದ ಅಂಶವೂ ಒಂದು ಕಾರಣವೆನ್ನುತ್ತಾರೆ. ರಾಷ್ಟ್ರಕೂಟರ ನೃಪತುಂಗನು ಮಾನ್ಯಖೇಟದಲ್ಲಿ, ಎಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ, ಕುಳಿತು ರಾಜ್ಯವಾಳಿದನು. ಅವನ ಆಸ್ಥಾನದಲ್ಲಿ ಸುಮಾರು 850ರ ಹೊತ್ತಿಗೆ ‘ಕವಿರಾಜಮಾರ್ಗ’ ಹುಟ್ಟಿತು. ಇಂದು ಕಾಗಿಣಾ ನದಿಯ ದಂಡೆಯ ಮೇಲೆ ನಿಂತಿರುವ ಮಳಖೇಡದ ಕೋಟೆಯ ಗೋಡೆಗೆ ಕೈಯಿಟ್ಟರೆ ನಮ್ಮ ಅಡಿಗೆಮನೆಯ ಕಲ್ಲಿನ ನಂಟೇ ಕೈಗೆ ತಗಲುವುದು.

ಅಂದು ರಾತ್ರಿ ಊಟವಾದ ಬಳಿಕ ಮನೆಯವರೆಲ್ಲ ಕೂಡಿ ಒಂದು ಚಲಚ್ಚಿತ್ರ ನೋಡಿದೆವು. ಉತ್ಸವ್ ಗೋನವಾರ ಅವರು ನಿರ್ದೇಶಿಸಿ 2024ರ ಮಾರ್ಚಿಯಲ್ಲಿ ಬಿಡುಗಡೆಯಾದ ‘ಫೋಟೋ’ ಎಂಬ ಚಿತ್ರ. ನಮ್ಮ ನೆರೆಯ ರಾಯಚೂರು ಸೀಮೆಯ ಒಬ್ಬ ಬಡ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆ. ತಂದೆ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ಹುಡುಗ ಅಲ್ಲಿಗೆ ಹೋಗಿ ಸೇರುವಷ್ಟರಲ್ಲಿ 2020ರ ಮಾರ್ಚಿಯ ಲಾಕ್‌ಡೌನ್ ಬರುತ್ತದೆ. ಕೆಲಸ ನಿಂತಿತು, ಬಂಡಿ ನಿಂತಿತು. ತಂದೆಮಗ ಇಬ್ಬರೂ ಊರಿನ ಕಡೆಗೆ ನಡೆಯಲಾರಂಭಿಸುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ. ನೋಡದವರು ನೋಡಿಯೇ ತಿಳಿಯತಕ್ಕುದು. ಅದರಲ್ಲಿ ಹಾಡು ಕುಣಿತಗಳ ಆಡಂಬರವಿಲ್ಲ. ರಸ್ತೆ ಇದೆ, ಬಿಸಿಲು ಇದೆ, ಎರಡು ಜೊತೆ ಕಾಲುಗಳಿವೆ.

ಹಿಂದೆ ನಮ್ಮ ಚಿತ್ರಗಳಲ್ಲಿ ಈ ಕಡೆಯ ಮಾತನ್ನು ಆಡುವವನು ಬಂದನೆಂದರೆ ಜನ ನಗುವುದಕ್ಕೆ ಸಿದ್ಧರಾಗುತ್ತಿದ್ದರು. ಅವನು ಬರುತ್ತಿದ್ದುದೂ ಬಹುಮಟ್ಟಿಗೆ ನಗಿಸುವುದಕ್ಕಾಗಿಯೇ. ಈಗೀಗ ಆ ರೂಢಿ ಮುರಿಯುತ್ತಿದೆ. ಕೊಪ್ಪಳ ಸೀಮೆಯ ಒಬ್ಬ ಹೆಣ್ಣುಮಗಳ ಕಥೆಯಾದ ‘ಶಿವಮ್ಮ ಯರೇಹಂಚಿನಾಳ’ ಎಂಬ ಚಿತ್ರಕ್ಕೆ 2022ರಲ್ಲಿ ಕೊರಿಯಾ ದೇಶದ ಬುಸಾನ್ ಉತ್ಸವದಲ್ಲಿ ಪ್ರಶಸ್ತಿ ಬಂದಿತು. ಅಷ್ಟು ದೂರದವರು ಕಿವಿಗೊಟ್ಟು ಕೇಳಿದರಲ್ಲ ಎಂದು ನನಗೆ ಹೆಮ್ಮೆಯಾಗಿದ್ದಿತು. ಆದರೆ ಹೆಮ್ಮೆಪಡುವುದಕ್ಕೆ ನನಗೆ ಎಷ್ಟು ಅಧಿಕಾರವಿದೆಯೆಂಬುದು ಮುಂದೆ ತಿಳಿಯುವುದು.

ಚಿತ್ರ ಮುಗಿದ ಮೇಲೆ ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದೆ, ಮುತ್ಯಾ. ಅಲ್ಲಿ ಸಿಮೆಂಟು ಹೊರುವವರು ಆ ಹುಡುಗನ ಹಾಗೆಯೇ ಮಾತನಾಡುತ್ತಾರೆ. ನಿನ್ನ ಹಾಗೆಯೂ,” ಎಂದಳು.

ಆ ಮಾತು ನನ್ನನ್ನು ಮಲಗಗೊಡಲಿಲ್ಲ. ಹೊರುವವರು ನಮ್ಮವರು, ಹೊರುವ ಸಿಮೆಂಟು ಯಾರದು? ಅದೂ ನಮ್ಮದೇ. ಶಹಾಬಾದದಲ್ಲಿ 1920ರ ದಶಕದಲ್ಲಿಯೇ, ಎಂದರೆ ನಿಜಾಮನ ಆಳಿಕೆಯಲ್ಲಿ, ಸಿಮೆಂಟಿನ ಕಾರಖಾನೆ ಬಂದಿತು. 1960ರ ದಶಕದ ಕೊನೆಗೆ ವಾಡಿಯಲ್ಲಿ ದೊಡ್ಡ ಕಾರಖಾನೆ ಆರಂಭವಾಯಿತು. ಮುಂದೆ ಮಳಖೇಡಕ್ಕೂ ಸೇಡಂ, ಚಿತ್ತಾಪುರಗಳ ಆಸುಪಾಸಿಗೂ ಒಂದರ ಹಿಂದೊಂದು ಬಂದವು. ನೆಲದ ಕಲ್ಲನ್ನು ಅಗೆದು ಪುಡಿಮಾಡಿ, ಜೇಡಿಯೊಡನೆ ಕಲಸಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು, ಮತ್ತೆ ಹಿಟ್ಟಿನಂತೆ ಬೀಸಿದರೆ ಅದು ಸಿಮೆಂಟು. ರೈಲು ಬಂಡಿಯಲ್ಲಿ ಕಲ್ಲು ಹುಡಿಯಾಗಿ ಊರು ಬಿಟ್ಟು ಹೋಗುತ್ತದೆ. ಅದರ ಹಿಂದೆಯೇ ಇನ್ನೊಂದು ರೈಲಿನಲ್ಲಿ ಅದನ್ನು ಹೊರುವವರೂ ಹೋಗುತ್ತಾರೆ. ಈ ಕಾರಖಾನೆಗಳಿಂದ ನಮ್ಮಲ್ಲಿ ಅನೇಕ ಸಂಸಾರಗಳು ಅನ್ನ ಕಂಡಿವೆ, ಮಕ್ಕಳು ಓದಿದ್ದಾರೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಒಣಗಲು ಹಾಕಿದ ಬಟ್ಟೆಯ ಮೇಲೆ, ತುಳಸಿಯ ಎಲೆಯ ಮೇಲೆ, ಎಳೆಯ ಕೂಸಿನ ಉಸಿರಿನಲ್ಲಿ ಆ ಬೂದುಹುಡಿ ಇರುವುದೂ ಅಷ್ಟೇ ನಿಜ. ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳಲ್ಲಿ ಮಳೆಯ ನೀರು ನಿಂತು ಹಸುರಾಗಿರುತ್ತದೆ. ಈಜು ಬಾರದ ಮಗುವಿನ ತಾಯಿಗೆ ಅದರ ಭಯವೇನೆಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ಉಂಟು. ಅಂಗಳದಲ್ಲಿ ನಿಂಬೆಯ ರಸ ಹಾಕಿದಾಗ ಎದ್ದ ಗುಳ್ಳೆಗಳಲ್ಲಿ ಇದ್ದುದು ಇಂಗಾಲದ ಡೈಆಕ್ಸೈಡ್ ಎಂಬ ಅನಿಲ. ಕಲ್ಲನ್ನು ಸುಟ್ಟಾಗ ಹೊರಡುವುದೂ ಅದೇ. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. ಮಿಕ್ಕ 44 ಕಿಲೋ ಗಾಳಿಗೆ ಸೇರುತ್ತದೆ. ಬೆಂಕಿಗೆ ಹಾಕಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತು. ಜಗತ್ತಿನಲ್ಲಿ ಮನುಷ್ಯನು ಗಾಳಿಗೆ ಬಿಡುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುತ್ತದೆಂದು ಲೆಕ್ಕ ಹಾಕಿರುವರು. ಭೂಮಿಯ ಕಾವು ಏರುತ್ತಿದೆಯೆಂದು ಪತ್ರಿಕೆಯಲ್ಲಿ ಓದುವಾಗ ಅದು ಎಲ್ಲಿಯೋ ಹಿಮದ ನಾಡಿನ ಸುದ್ದಿಯೆಂದುಕೊಳ್ಳುತ್ತೇವೆ. ಅದರ ಒಂದೆಳೆ ನಮ್ಮ ಅಡಿಗೆಯ ಮನೆಯ ನೆಲದಿಂದಲೇ ಎದ್ದಿದೆ!

ಮರುದಿನ ಬೆಳಗ್ಗೆ ಈ ಮಾತನ್ನೆಲ್ಲ ಹುಡುಗಿಗೆ ಹೇಳಿ, ನಾನು ದೊಡ್ಡ ಪಂಡಿತನಂತೆ ಚಹದ ಬಟ್ಟಲು ಹಿಡಿದು ಕುಳಿತಿದ್ದೆನು. ಆಗ ಅವಳು ಮೂರನೆಯ ಪ್ರಶ್ನೆ ಕೇಳಿದಳು: “ಮಳೆಯ ನೀರು ಹುಳಿಯಾಗಿರುತ್ತದೇನು, ಮುತ್ಯಾ?”

ತುಸು ಹುಳಿಯೇ. ಮಳೆಯ ಹನಿ ಗಾಳಿಯಲ್ಲಿ ಇಳಿಯುವಾಗ ಆ ಅನಿಲವನ್ನೇ ಕೊಂಚ ಹೀರುತ್ತದೆ. ಮಣ್ಣಿನಲ್ಲಿ ಇಂಗುವಾಗ ಇನ್ನಷ್ಟು ಹೀರುತ್ತದೆ. ನಾಲಿಗೆಗೆ ತಿಳಿಯದಷ್ಟು ಹುಳಿ. ಆದರೆ ಕಲ್ಲಿಗೆ ತಿಳಿಯುತ್ತದೆ. “ಹಾಗಾದರೆ ಮಳೆ ಬಂದಾಗಲೆಲ್ಲ ನೆಲದೊಳಗಿನ ಕಲ್ಲು ಕರಗುತ್ತದೆ. ಕರಗಿದಲ್ಲಿ ಏನಿರುತ್ತದೆ?” ಎಂದಳು.

ನಾನು ಬಟ್ಟಲನ್ನು ಕೆಳಗಿಟ್ಟೆನು. ಕರಗಿದಲ್ಲಿ ಇರುವುದು ಪೊಳ್ಳು. ಸುಣ್ಣಕಲ್ಲಿನ ನಾಡುಗಳಲ್ಲಿ ನೆಲದೊಳಗೆ ಬಿರುಕುಗಳೂ ಪೊಟರೆಗಳೂ ಇರುವುದು ಸಹಜ. ಈ ಉತ್ತರವನ್ನು ಹೇಳುತ್ತಿರುವಾಗಲೇ ನನ್ನ ಕಿವಿಯಲ್ಲಿ ಬೇರೊಂದು ದನಿ ಕೇಳಿಸಿತು. ಆ ದನಿ ನನ್ನ ಸೋದರತ್ತೆಯದು.

ಅತ್ತೆ ಇರುವುದು ಚಿಂಚೋಳಿ ತಾಲೂಕಿನಲ್ಲಿ, ಗಡಿಕೇಶ್ವಾರದ ನೆರೆಯ ಒಂದು ಹಳ್ಳಿಯಲ್ಲಿ. ಅಕ್ಷರ ಕಲಿತವಳಲ್ಲ. ಗಂಡ ತೀರಿದ ಮೇಲೆ ಎರಡೆಕರೆ ತೊಗರಿಯ ಹೊಲವನ್ನು ತಾನೇ ನೋಡಿಕೊಂಡು, ಕಲ್ಲುಮಣ್ಣಿನ ದಪ್ಪ ಗೋಡೆಯ, ಫರಸಿ ಹಾಸಿದ ಮಾಳಿಗೆಯ ಮನೆಯಲ್ಲಿ ಒಬ್ಬಳೇ ಇರುವಳು. 2020ರ ದಸರೆಯ ಮುಂದೆ ನಾನು ಅಲ್ಲಿಗೆ ಹೋಗಿದ್ದೆನು. ಆ ವರ್ಷ ಅಕ್ಟೋಬರದಲ್ಲಿ ವಿಪರೀತ ಮಳೆಯಾಗಿ ಭೀಮೆ ಉಕ್ಕಿ ಜಿಲ್ಲೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತಿದ್ದ ಕಾಲ. ಊಟಕ್ಕೆ ಬಡಿಸುತ್ತ ಅತ್ತೆ ಕೈ ತಡೆದು, ತಲೆ ಓರೆ ಮಾಡಿ, “ಕೇಳಸ್ತದೇನಪಾ ತಮ್ಮಾ? ನೆಲದಾಗ ಗುಡುಗಿದಂಗ ಆಗ್ಲತ್ತದ,” ಎಂದಳು.

ನನಗೇನೂ ಕೇಳಿಸಲಿಲ್ಲ. “ಗುಡುಗು ಮುಗಿಲಿನಲ್ಲಿ ಆಗುತ್ತದೆ, ಅತ್ತೆ, ನೆಲದಲ್ಲಿ ಅಲ್ಲ. ಎಲ್ಲಿಯೋ ಗಣಿಯಲ್ಲಿ ಮದ್ದು ಹಾರಿಸಿರಬೇಕು,” ಎಂದು ನಕ್ಕುಬಿಟ್ಟೆನು. ಅಲ್ಲಿ ಹತ್ತಿರದಲ್ಲೆಲ್ಲಿಯೂ ಗಣಿ ಇಲ್ಲವೆಂದು ಆಕೆ ಹೇಳಿದಳು. “ನಿನಗೆ ವಯಸ್ಸಾಯಿತು, ಕಿವಿಯೊಳಗೆ ಗಾಳಿ ಹೊಕ್ಕಿದೆ,” ಎಂದೆನು. ಆಕೆ ಮತ್ತೆ ಆ ಮಾತೆತ್ತಲಿಲ್ಲ. ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದಳು. ಆಕೆಯ ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದುಕೊಂಡೆನು. ಕೇಳುವವರಿಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ಮುಚ್ಚುವುದಕ್ಕೂ ಒಪ್ಪುವುದಕ್ಕೂ ಇರುವ ಭೇದ ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ತಿಳಿಯಲಿಲ್ಲ.

ಒಂದು ವರ್ಷ ಕಳೆಯಿತು. 2021ರ ಅಕ್ಟೋಬರದಲ್ಲಿ ಗಡಿಕೇಶ್ವಾರದ ಹೆಸರು ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ನೆಲದೊಳಗಿನಿಂದ ಸದ್ದು, ಸದ್ದಿನ ಹಿಂದೆ ನಡುಕ. ಒಂದಲ್ಲ, ಎರಡಲ್ಲ, ದಿನಕ್ಕೆ ಹಲವು ಸಲ. 11ನೆಯ ತಾರೀಖಿನ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಎಲ್ಲಕ್ಕೂ ದೊಡ್ಡದಾಗಿ ಆಯಿತು. ಅದರ ಪ್ರಮಾಣ 4ರಷ್ಟೆಂದು ಅಳೆದರು. ಜನ ಕೂಸುಕುನ್ನಿಗಳನ್ನು ಎತ್ತಿಕೊಂಡು ಬೀದಿಗೆ ಬಂದರು. ಅನೇಕರು ಊರನ್ನೇ ಬಿಟ್ಟು ನಂಟರ ಮನೆಗಳಿಗೆ ಹೋದರು. ಉಳಿದವರು ರಾತ್ರಿಯೆಲ್ಲ ಬಯಲಿನಲ್ಲಿ ಮಲಗಿದರು. ಮನೆಗಳ ಗೋಡೆಗಳಲ್ಲಿ ಬಿರುಕು ಕಂಡವು.

ಮರುದಿನ ನಾನು ಅತ್ತೆಯ ಊರಿಗೆ ಓಡಿದೆನು. ಆಕೆ ಬೇವಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದಳು. ಸಂಜೆಯ ಸದ್ದನ್ನು ಕೇಳಿಯೇ ಹಾಸಿಗೆ ಬಿಟ್ಟು ಹೊರಗೆ ಬಂದಿದ್ದಳಂತೆ. ಒಳಗೆ ಹೋಗಿ ನೋಡಿದೆನು. ಆಕೆ ನಿತ್ಯ ಮಲಗುವ ಮೂಲೆಯಲ್ಲಿ, ಗೋಡೆಯ ಮಾಡದ ಮೇಲಿದ್ದ ಒಂದು ದಪ್ಪ ಕಲ್ಲು ಕಳಚಿ, ತಲೆದಿಂಬಿನ ಮೇಲೆ ಬಿದ್ದಿದ್ದಿತು. ನಾನು ಅದನ್ನು ಎತ್ತಲು ನೋಡಿದೆನು, ಒಬ್ಬನಿಂದ ಅಲುಗಲಿಲ್ಲ.

ಹೊರಗೆ ಬಂದೆನು. ಕ್ಷಮೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ಅತ್ತೆಯೇ, “ನನ್ನ ಕಿವಿಯೊಳಗಿನ ಗಾಳಿ ಅಲ್ಲ ಬಿಡಪಾ ಅದು,” ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿದ್ದಿತು.

ಬಳಿಕ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯಿಂದಲೂ ಬೆಂಗಳೂರಿನಿಂದಲೂ ವಿಜ್ಞಾನಿಗಳು ಬಂದರು. ಕಂಪನವನ್ನು ಅಳೆಯುವ ಯಂತ್ರಗಳನ್ನು ಇಟ್ಟರು. ಮಳೆಗಾಲದ ನೀರು ಸುಣ್ಣಕಲ್ಲಿನ ಬಿರುಕು ಪೊಟರೆಗಳಲ್ಲಿ ಇಳಿದು ಒತ್ತಡವನ್ನು ಬದಲಿಸುತ್ತದೆ. ಮಳೆ ಹಿಂದೆಗೆಯುವ ಹೊತ್ತಿಗೆ ಇಂಥ ಸಣ್ಣ ನಡುಕಗಳೂ ಸದ್ದುಗಳೂ ಉಂಟಾಗುತ್ತವೆ ಎಂಬ ವಿವರಣೆಯನ್ನು ಕೊಟ್ಟರು. ಇವು ಮೇಲ್ಪದರದ ಸಣ್ಣ ಕಂಪನಗಳು, ಹೆದರಬೇಕಾದುದಿಲ್ಲ ಎಂದೂ ಧೈರ್ಯ ಹೇಳಿದರು. ಆ ಧೈರ್ಯ ಬೇಕಾದದ್ದೇ. ಆದರೆ ನಮ್ಮ ಕಡೆಯವರಿಗೆ ಕಿಲ್ಲಾರಿಯ ನೆನಪು ಹೋಗಿಲ್ಲ. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತು ಸಾವಿರದಷ್ಟು ಜನ ಸತ್ತರು. ಅಂದು ಜೀವ ತೆಗೆದುದು ಭೂಮಿಗಿಂತ ಹೆಚ್ಚಾಗಿ ಮನೆಯೇ: ಮಣ್ಣಿನಲ್ಲಿ ಪೇರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ವರ್ಷವರ್ಷ ಮಣ್ಣು ಹಾಕಿ ಭಾರವಾದ ಮಾಳಿಗೆ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳು ಅದೇ ಬಗೆಯವು.

ಆದುದರಿಂದ ಗೃಹಸ್ಥರಾದ ವಾಚಕರಿಗೆ ಒಂದು ಮಾತನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಇಂಥ ಮನೆಯನ್ನು ಕೆಡವಿ ಹೊಸದು ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಮಾಳಿಗೆಯ ಮೇಲಿನ ಹೆಚ್ಚಿನ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡಬಹುದು. ಗೋಡೆಯ ಒಳಮೈಯನ್ನೂ ಹೊರಮೈಯನ್ನೂ ಒಟ್ಟಿಗೆ ಹಿಡಿಯುವಂತೆ ಅಲ್ಲಲ್ಲಿ ಉದ್ದಗಲ್ಲನ್ನು ಅಡ್ಡ ಸೇರಿಸಬಹುದು. ಹೊಸದಾಗಿ ಕಟ್ಟುವವರು ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಗೋಡೆಗಳನ್ನೆಲ್ಲ ಸುತ್ತಿ ಬರುವ ಒಂದು ಕಾಂಕ್ರೀಟಿನ ಪಟ್ಟಿಯನ್ನು ಬಿಡಬಾರದು. ಬುಟ್ಟಿಗೆ ಕಟ್ಟಿದ ಬಳೆಯಂತೆ ಅದು ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ. ಮಲಗುವವರ ತಲೆಯ ಮೇಲೆ ಮಾಡದಲ್ಲಿ ಭಾರದ ಸಾಮಾನು ಇಡಬಾರದು. ಅತ್ತೆಯ ಮನೆಯಲ್ಲಿ ಇವುಗಳಲ್ಲಿ ಆದಷ್ಟನ್ನು ಮಾಡಿಸಿದೆನು. ಮಾಡಿಸುವಾಗ ಗವಂಡಿಗೆ ಯಾವ ಗೋಡೆ ಪೊಳ್ಳು, ಯಾವುದು ಗಟ್ಟಿ ಎಂಬುದನ್ನು ಕೈಯಿಂದ ತಟ್ಟಿ ತೋರಿಸಿದವಳು ಅತ್ತೆಯೇ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆನು. ನಾನು ನಕ್ಕುದನ್ನು ಮರೆಮಾಚಲಿಲ್ಲ. ಅವಳು ಸುಮ್ಮನಿದ್ದು, “ನೀನು ಯಾಕೆ ನಂಬಲಿಲ್ಲ?” ಎಂದು ಕೇಳಿದಳು. ಇದು ನಾಲ್ಕನೆಯ ಪ್ರಶ್ನೆ, ಎಲ್ಲಕ್ಕೂ ಕಠಿಣವಾದುದು. ಅದಕ್ಕೆ ಬಾಯಿಂದ ಉತ್ತರ ಕೊಡಲಾರದೆ, ಮರುವಾರ ಅವಳನ್ನು ಚಿತ್ತಾಪುರ ತಾಲೂಕಿನ ಸನ್ನತಿಗೆ ಕರೆದುಕೊಂಡು ಹೋದೆನು.

ಭೀಮೆಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ದೇವಾಲಯವಿದೆ. ಅದಕ್ಕೆ ಹತ್ತಿರದ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪವೊಂದನ್ನು ಪುರಾತತ್ತ್ವ ಇಲಾಖೆಯವರು 1990ರ ದಶಕದಲ್ಲಿ ಅಗೆದು ತೆಗೆದರು. ಸ್ತೂಪಕ್ಕೆ ಹೊದಿಸಿದ್ದ ಹಲಗೆಗಳು ನಮ್ಮದೇ ಸುಣ್ಣಕಲ್ಲಿನವು. ಅವುಗಳ ಮೇಲೆ ಬುದ್ಧನ ಬಾಳೂ ಜಾತಕದ ಕಥೆಗಳೂ ಚಿತ್ರಗಳಾಗಿವೆ. ಪ್ರದಕ್ಷಿಣೆ ಬರುತ್ತ ಒಂದಾದ ಮೇಲೊಂದನ್ನು ನೋಡಿದರೆ ಕಥೆ ನಡೆಯುತ್ತದೆ. ಚಿತ್ರದ ಪಕ್ಕದಲ್ಲಿ ಯಾರು, ಏನು ಎಂಬ ಬರಹವೂ ಉಂಟು. ರಾಣಿಯೊಡನೆ ನಿಂತ ಒಬ್ಬ ಅರಸನ ಬಳಿ ಬ್ರಾಹ್ಮೀ ಲಿಪಿಯಲ್ಲಿ ಅಶೋಕನ ಹೆಸರನ್ನೇ ಕೊರೆದಿದ್ದಾರೆ. “ಇದು ಕಲ್ಲಿನ ಸಿನಿಮಾ!” ಎಂದಳು ಹುಡುಗಿ. ಇಲ್ಲಿ ಚಿತ್ರ ನಿಂತಿರುತ್ತದೆ, ನೋಡುವವರು ನಡೆಯಬೇಕು, ವ್ಯತ್ಯಾಸ ಅಷ್ಟೇ.

ಆದರೆ ನಾನು ಅವಳಿಗೆ ಹೇಳಬೇಕೆಂದಿದ್ದುದು ಬೇರೊಂದು ಕಲ್ಲಿನ ಸಂಗತಿ. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ಸರಿಪಡಿಸುವಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ಸರಿಸಿದರೆ ಅದರ ಮೈಮೇಲೆ ಅಕ್ಷರ. ಅದು ಅಶೋಕನ ಶಾಸನ. ಎಷ್ಟೋ ಶತಮಾನಗಳ ಕಾಲ ಜನ ಬಂದರು, ಕೈಮುಗಿದರು, ಹೋದರು. ಅಕ್ಷರದ ಕಲ್ಲು ದೇವಿಯ ಪಾದದ ಕೆಳಗೆ ಸುಮ್ಮನೆ ಇದ್ದಿತು. ಆ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಒಂದರ ಅಭಿಪ್ರಾಯ ಬಹಳ ಸರಳವಾದುದು: ಕೇವಲ ತನ್ನವರನ್ನು ಹೊಗಳಿ ಅನ್ಯರನ್ನು ಹೀಯಾಳಿಸಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳಲು ಮನಸ್ಸುಳ್ಳವರಾಗಬೇಕು.

ಕೇಳಬೇಕೆಂದು ಹೇಳಿದ ಕಲ್ಲನ್ನೇ ಯಾರೂ ಕೇಳಲಿಲ್ಲ. ಛಾವಣಿ ಕುಸಿದ ಮೇಲೆ ಕೇಳಿದರು. ನನ್ನ ಗತಿಯೂ ಅದೇ ಆಯಿತಲ್ಲವೆ? ದೂರದ ಊರಿನವರು ನಮ್ಮ ಮಾತಿಗೆ ಕಿವಿಗೊಡಬೇಕೆಂದು ಬಯಸುವ ನಾನು ನನ್ನ ಸೋದರತ್ತೆಯ ಮಾತಿಗೆ ಕಿವಿಗೊಡಲಿಲ್ಲ. ಏಕೆಂದರೆ ಆಕೆ ಓದಿದವಳಲ್ಲ; ಹೆಣ್ಣು; ಮುದುಕಿ; ಹಳ್ಳಿಯವಳು. ಪೇಟೆಯ ಚಿತ್ರಗಳು ನಮ್ಮನ್ನು ನೋಡಿ ನಕ್ಕವೆಂದು ದೂರುವಾಗ, ನಾನು ಯಾರನ್ನು ನೋಡಿ ನಕ್ಕೆನೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇದನ್ನು ಹುಡುಗಿಗೆ ಹೇಳಿದೆನು. ಅವಳು ನನ್ನ ಕೈ ಹಿಡಿದುಕೊಂಡಳು, ಏನೂ ಅನ್ನಲಿಲ್ಲ.

ಚಂದ್ರನ ಕಲೆ ನಮ್ಮ ಅಡಿಗೆಯ ಮನೆಯಲ್ಲಿ ಇನ್ನೂ ಇದೆ. ಪಾಲಿಶ್ ಮಾಡುವವನನ್ನು ಕರೆಸಿದರೆ ಹೋಗುವುದೆಂದು ಕೆಲವರು ಹೇಳಿದರು. ನನ್ನ ಮನೆಯಾಕೆ ಒಪ್ಪಲಿಲ್ಲ.

ಹುಡುಗಿ ಬೆಂಗಳೂರಿಗೆ ಮರಳುವ ಮುಂಚೆ ಅತ್ತೆಯ ಮನೆಯಲ್ಲಿ ಎರಡು ದಿನ ಇದ್ದು ಬಂದಳು. ಬರುವಾಗ ಒಂದು ಏರ್ಪಾಡು ಮಾಡಿಕೊಂಡು ಬಂದಿದ್ದಾಳೆ. ನೆಲದ ಸದ್ದು ಕೇಳಿದಾಗಲೆಲ್ಲ ಅತ್ತೆ ಅವಳಿಗೆ ಫೋನು ಮಾಡುತ್ತಾಳೆ. ಅವಳು ದಿನ, ಹೊತ್ತು, ಸದ್ದಿನ ಬಗೆ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. “ಬೀಸುವ ಕಲ್ಲು ತಿರುಗಿದಂತೆ”, “ಬಂಡಿ ಹೋದಂತೆ”, “ಒಂದೇ ಏಟು” ಎಂದೆಲ್ಲ ಅದರಲ್ಲಿದೆ. ಜೋರಾಗಿ ಕೇಳಿದ ದಿನ ಆ ಚೀಟಿಯನ್ನು ತಹಸೀಲ ಕಚೇರಿಗೆ ಒಯ್ದು ಮುಟ್ಟಿಸುವ ಕೆಲಸ ನನ್ನದು. ಯಂತ್ರಗಳಿರುವಾಗ ಮುದುಕಿಯ ಕಿವಿಯ ಲೆಕ್ಕವೇಕೆಂದು ಯಾರಾದರೂ ಕೇಳಬಹುದು. ಯಂತ್ರ ತನ್ನ ಕೆಲಸ ಮಾಡಲಿ. ನಮ್ಮ ಕೆಲಸ ಬೇರೆ.

ಕಳೆದ ಮಳೆಗಾಲದ ಕೊನೆಯಲ್ಲಿ ನಾನು ಅಲ್ಲಿದ್ದೆನು. ರಾತ್ರಿ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ತಲೆ ಓರೆ ಮಾಡಿದಳು. ಈ ಸಲ ನಾನು ನಗಲಿಲ್ಲ. ಫರಸಿಯ ಮೇಲೆ ಮಲಗಿ ಕಿವಿಯನ್ನು ನೆಲಕ್ಕೆ ಹಚ್ಚಿದೆನು. ಬಹಳ ಹೊತ್ತು ನನಗೆ ಏನೂ ಕೇಳಿಸಲಿಲ್ಲ.

“ಕೇಳಸ್ತದೇನಪಾ?” ಎಂದಳು.

“ನನಗೆ ಕೇಳಿಸಲಿಲ್ಲ, ಅತ್ತೆ. ನಿನಗೆ ಹೇಗೆ ಕೇಳಿಸಿತು, ಹೇಳು, ಬರೆದುಕೊಳ್ಳುತ್ತೇನೆ,” ಎಂದೆನು.

ಆಕೆ ಹೇಳಿದಳು. ನಾನು ಬರೆದುಕೊಂಡೆನು.